ಒಣಕಲ್ಲು ಮುಟ್ಟೋದಿಲ್ಲ ಅಂದವಳು

ನನ್ನ ನಾದಿನಿಯನ್ನು ಕೆಲಸದ ಜಾಗದಲ್ಲಿ ಎಲ್ಲರೂ ಕನ್ನಡಿ ಅಂತ ಕರೆಯುತ್ತಾರೆ. ಅಂದಚೆಂದಕ್ಕೆ ಬಂದ ಹೆಸರಲ್ಲ ಅದು. ಹಾಗೆ ಯಾರಾದರೂ ಅಂದುಕೊಂಡರೆ ಮೊದಲು ನಗುವವಳು ಅವಳೇ. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲಿನ ಅಂಚನ್ನು ಅವಳು ತೀಡಿ ಮುಗಿಸಿದಳೆಂದರೆ ಅದರಲ್ಲಿ ನಿಮ್ಮ ಮುಖ ಕಾಣುತ್ತದೆ, ಮುಖದ ಮೇಲಿನ ಮಚ್ಚೆಯೂ ಕಾಣುತ್ತದೆ. ಅದಕ್ಕೇ ಆ ಹೆಸರು. ಮನೆಯಲ್ಲಿ ನಾನು ಇಟ್ಟ ಹೆಸರು ಬೇರೆ: ಮೊಂಡಿ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಬಚ್ಚಲ ನಲ್ಲಿ ಕೆಟ್ಟಿತ್ತು. ಬಾಡಿಗೆಗೆ ಕೊಟ್ಟವರು ನಾಳೆ, ನಾಡಿದ್ದು ಅಂತ ದಿನ ದೂಡುತ್ತಿದ್ದರು. ಒಂದು ಬೆಳಿಗ್ಗೆ ಇವಳು ಸೋಪು, ಟವೆಲು ಹಿಡಿದು ಅವರ ಬಾಗಿಲು ತಟ್ಟಿದಳು. "ನಮ್ಮಲ್ಲಿ ನೀರು ಬರ್ತಿಲ್ಲ. ಇವತ್ತಿಂದ ನಿಮ್ಮ ಬಚ್ಚಲಲ್ಲೇ ಸ್ನಾನ ಮಾಡ್ತೀನಿ, ಆಗಬಹುದಾ?" ಮಧ್ಯಾಹ್ನದೊಳಗೆ ನಲ್ಲಿ ರಿಪೇರಿಯವನು ಬಂದ. ನನಗೆ ನಾಚಿಕೆಯಿಂದ ಸಾಕಾಗಿತ್ತು. ನಮ್ಮನೆಯವರು ಮಾತ್ರ ಬಿದ್ದು ಬಿದ್ದು ನಕ್ಕರು. "ನನ್ನ ತಂಗಿ ಜಗಳ ಆಡಲ್ಲ, ಹೋಗಿ ಕೂತುಬಿಡ್ತಾಳೆ ಅಷ್ಟೆ" ಅಂದರು.

ಅಣ್ಣ ತಂಗಿ ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ತಗಡಿನ ಮಾಡು, ಹಿಂದೆ ದೊಡ್ಡ ಗರಗಸ, ನಡುವೆ ಸಾಲಾಗಿ ಮೇಜುಗಳು, ಹೊರಗೆ ಅಂಗಳದಲ್ಲಿ ಇಸ್ಪೀಟು ಎಲೆಗಳ ಹಾಗೆ ಒಂದಕ್ಕೊಂದು ಒರಗಿಸಿಟ್ಟ ಚಪ್ಪಡಿಗಳು. ಅವು ಬೆಟ್ಟದಿಂದ ಒಡೆದು ತಂದ ಕಲ್ಲಲ್ಲ. ಎಲ್ಲೋ ಕಲ್ಲನ್ನು ಹಿಟ್ಟು ಮಾಡಿ, ಅಂಟು ಕಲಸಿ, ಒತ್ತಿ ಹಲಗೆ ಮಾಡಿ ಕಳಿಸುತ್ತಾರೆ. ಹಾಲಿನ ಬಿಳುಪು ಬೇಕೆ, ಹೊಗೆಯ ಬಣ್ಣ ಬೇಕೆ, ಕೇಳಿದ್ದು ಸಿಗುತ್ತದೆ. ನಮ್ಮನೆಯವರು ಕತ್ತರಿಸುವುದು, ಇವಳು ಅಂಚು ತೀಡುವುದು. ಕತ್ತರಿಸುವಾಗ ಹಲಗೆ ಮತ್ತೆ ಹಿಟ್ಟಾಗಿ ಗಾಳಿಗೇಳುತ್ತಿತ್ತು. ಕೆಲಸ ನಡೆಯುವಾಗ ಈ ತುದಿಯಲ್ಲಿ ನಿಂತರೆ ಆ ತುದಿಯವರ ಮುಖ ಕಾಣುತ್ತಿರಲಿಲ್ಲ.

ಸಂಜೆ ಎಲ್ಲರೂ ಸಾಲಾಗಿ ನಿಂತು, ಗಾಳಿಯಂತ್ರದ ಪೈಪು ಹಿಡಿದು ಒಬ್ಬರ ಬಟ್ಟೆಯ ಮೇಲೆ ಇನ್ನೊಬ್ಬರು ಊದುತ್ತಿದ್ದರು. ಧೂಳು ಹಾರಿಸುವ ನೆಪದಲ್ಲಿ ಕಂಕುಳಿಗೆ ಊದಿ ಕಚಗುಳಿ ಇಡುವುದು, ಟೋಪಿ ಹಾರಿಸುವುದು. ದಿನದ ಅಷ್ಟೂ ದಣಿವು ಆ ಆಟದಲ್ಲಿ ಕಳೆಯುತ್ತಿತ್ತಂತೆ. ಅಷ್ಟಾದರೂ ಮನೆಗೆ ಬರುವಾಗ ಇಬ್ಬರ ಹುಬ್ಬೂ ಬೆಳ್ಳಗೆ. "ಯಾವ ಗಿರಣಿಯಿಂದ ಬಂದ್ರಿ? ಹಿಟ್ಟು ನುಣ್ಣಗಿದೆಯಾ?" ಅಂತ ನಾನು ಚುಡಾಯಿಸುತ್ತಿದ್ದೆ. ಆಮೇಲೆ ಅವರ ಅಂಗಿಗಳನ್ನು ತಾರಸಿಗೆ ಒಯ್ದು, ಗೋಡೆಗೆ ಬಡಿದು, ಧೂಳು ಉದುರಿಸಿ ನೆನೆಹಾಕುತ್ತಿದ್ದೆ. ಅದೂ ದಿನದ ಕೆಲಸಗಳಲ್ಲಿ ಒಂದು.

ನಮ್ಮನೆಯವರಿಗೆ ಕೆಮ್ಮು ಯಾವಾಗ ಶುರುವಾಯಿತು ಅಂತ ಹೇಳಲಾರೆ. ಬೆಳಗಿನ ಕೆಮ್ಮು ಆ ಕೆಲಸದವರಿಗೆಲ್ಲ ಇದ್ದದ್ದೇ. ನನ್ನ ಕಣ್ಣಿಗೆ ಬಿದ್ದದ್ದು ಮೆಟ್ಟಿಲು. ನಮ್ಮ ಮನೆ ಮೇಲಿನ ಮಹಡಿಯಲ್ಲಿ. ಚಪ್ಪಡಿಯನ್ನು ಹೆಗಲ ಮೇಲೆ ಹೊತ್ತು ಓಡಾಡುತ್ತಿದ್ದ ಮನುಷ್ಯ, ಬರುಬರುತ್ತಾ ನಡುವಿನ ಕಿಟಕಿಯ ಹತ್ತಿರ ನಿಂತುಕೊಳ್ಳತೊಡಗಿದರು.

"ಏನ್ ನೋಡ್ತಾ ಇದೀರಿ ಅಲ್ಲಿ?"

"ಬೀದಿ."

"ಬೀದೀಲಿ ಏನಿದೆ?"

"ಏನಾದ್ರೂ ಇದೆಯಾ ಅಂತಾನೇ ನೋಡ್ತಿದೀನಿ."

ಮೊದಲು ತೋರಿಸಿದಲ್ಲಿ ಕೆಮ್ಮಿನ ಔಷಧಿ ಕೊಟ್ಟರು. ಎರಡನೆಯ ಕಡೆ ಕ್ಷಯ ಅಂದರು. ತಿಂಗಳುಗಟ್ಟಲೆ ಆ ಗುಳಿಗೆ ನುಂಗಿದರೂ ಉಸಿರು ಹಾಗೇ ಉಳಿಯಿತು, ಮೈ ಮಾತ್ರ ಇಳಿಯಿತು. ಕೊನೆಗೆ ನಾದಿನಿ ರಜೆ ಹಾಕಿ ನಮ್ಮಿಬ್ಬರನ್ನೂ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಶ್ವಾಸಕೋಶದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಗೇ ನಾವು ಮುಖ ಮುಖ ನೋಡಿಕೊಂಡೆವು. "ಏನು ಕೆಲಸ ಮಾಡ್ತೀರಿ?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಪರೀಕ್ಷೆಗಳೆಲ್ಲ ಆದ ಮೇಲೆ ಆಕೆ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಕಲ್ಲಿನ ಧೂಳು ಒಳಗೆ ಹೋಗಿ ಕೂತಿದೆ, ಅದರ ಸುತ್ತ ಶ್ವಾಸಕೋಶ ಗಾಯ ಕಟ್ಟಿ ಗಟ್ಟಿಯಾಗಿದೆ. ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲು ಅಷ್ಟಿಷ್ಟು ತಡೆಯುತ್ತವೆ, ಕಾಣದಷ್ಟು ಸಣ್ಣದೇ ಆಳಕ್ಕಿಳಿಯುವುದು ಅಂದರು.

"ವಾಸಿ ಆಗತ್ತಾ?" ನಾನು ಕೇಳಿದೆ.

ಆಕೆ ಸುತ್ತಿಬಳಸಿ ಹೇಳಲಿಲ್ಲ. "ಇಲ್ಲಮ್ಮ. ಗಾಯ ಮಾಯಲ್ಲ. ಉಸಿರಾಟ ಸಲೀಸಾಗೋಕೆ ಔಷಧಿ ಕೊಡ್ತೀನಿ. ಇನ್ನು ಧೂಳು ಮಾತ್ರ ಬೇಡವೇ ಬೇಡ." ಆಮೇಲೆ ನಾದಿನಿಯ ಕಡೆ ತಿರುಗಿ ಕೇಳಿದರು, "ನೀವೂ ಅಲ್ಲೇ ಅಲ್ವಾ?"

ಅವಳ ಎದೆಯಲ್ಲೂ ಚುಕ್ಕೆಗಳಿದ್ದವು. ಅಣ್ಣನಷ್ಟಿಲ್ಲ, ಆದರೆ ಇದ್ದವು. ಕೆಲಸ ಬಿಡಿ ಅಂದರು ಡಾಕ್ಟರಮ್ಮ.

"ನಾನು ಬಿಟ್ರೆ ನನ್ನ ಮೇಜಿಗೆ ಇನ್ಯಾರೋ ಬರ್ತಾರೆ" ಅಂದಳು ಇವಳು. "ಅವರ ಎದೆ ಏನು ಕಲ್ಲಲ್ಲಿ ಮಾಡಿರತ್ತಾ? ಈ ಧೂಳನ್ನ ಏಳದ ಹಾಗೆ ಮಾಡೋಕಾಗಲ್ವಾ, ಅದು ಹೇಳಿ."

ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ನೀರು ಬಿಟ್ಟುಕೊಂಡು ಕತ್ತರಿಸಿದರೆ ಬಹುಪಾಲು ಧೂಳು ಹುಟ್ಟಿದಲ್ಲೇ ಕೆಸರಾಗುತ್ತದೆ, ಉಳಿದದ್ದನ್ನು ಹೀರುವ ಯಂತ್ರ ಬೇಕು, ಮುಖಕ್ಕೆ ಬಿಗಿಯಾಗಿ ಕೂರುವ ಮುಖಗವಸು ಬೇಕು, ಬಟ್ಟೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಎಲ್ಲರ ಎದೆಯನ್ನೂ ಆಗಾಗ ನೋಡಿಸಬೇಕು. ಇಷ್ಟನ್ನೂ ಬಿಡಿಸಿ ಹೇಳಿದರು. ಇವಳು ಶಾಲೆಯಲ್ಲಿ ಕೂತ ಹಾಗೆ ಕೇಳಿಸಿಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಕೊಟ್ಟು ಅಳುತ್ತಿದ್ದೆ. ನಮ್ಮನೆಯವರು ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಮುಂದಿನ ಸೀಟಿನಿಂದ ಇವಳು ತಿರುಗಿ, "ಅತ್ತಿಗೆ, ನಾಳೆಯಿಂದ ನಾನು ಒಣಕಲ್ಲು ಮುಟ್ಟೋದಿಲ್ಲ" ಅಂದಳು. ಅಣ್ಣನ ಪ್ರಾಣ ಹೋಗುವ ಹೊತ್ತಲ್ಲಿ ಇವಳಿಗೆ ಕಲ್ಲಿನ ಚಿಂತೆ ಅಂತ ನನಗೆ ಮೈಯೆಲ್ಲ ಉರಿಯಿತು.

ಶೆಡ್ಡಿನ ಮಾಲೀಕರು ಕೆಟ್ಟ ಮನುಷ್ಯರಲ್ಲ. ಅವರೂ ಕತ್ತರಿಸಿಯೇ ಮೇಲೆ ಬಂದವರು. ಈಗಲೂ ಅವಸರದ ಕೆಲಸ ಬಂದರೆ ತೋಳು ಮಡಚಿ ಗರಗಸಕ್ಕೆ ನಿಲ್ಲುತ್ತಿದ್ದರು. ನಾದಿನಿ ಹೋಗಿ ಅಣ್ಣನ ಸ್ಥಿತಿ ಹೇಳಿದಾಗ ಅವರ ಕಣ್ಣು ತುಂಬಿತಂತೆ. ನೀರಿನ ಮಾತು ಎತ್ತಿದ ಕೂಡಲೆ ಮಾತ್ರ ಮುಖ ಬಿಗಿಯಿತು.

"ಮೀಸೆ ಮೂಡೋಕೆ ಮುಂಚಿಂದ ಇದೇ ಧೂಳು ಕುಡಿದಿದೀನಿ. ನನಗೇನಾಗಿದೆ ಹೇಳು?"

"ನೋಡಿಸಿದ್ರಾ?"

"ಚೆನ್ನಾಗಿರೋನು ಯಾಕೆ ನೋಡಿಸ್ತಾನೆ? ಕರೆಂಟಿನ ಮಿಷನ್ನಿಗೆ ನೀರು ಬಿಡು ಅಂತೀಯಲ್ಲ, ಧೂಳಲ್ಲಿ ಸಾಯೋ ಬದಲು ಶಾಕ್ ಹೊಡೆದು ಸಾಯೋಣ ಅಂತಾನಾ?"

"ಗಾಳೀಲಿ ಓಡೋ ಮಿಷನ್ ಬರತ್ತಂತೆ. ಅದಕ್ಕೆ ಕರೆಂಟು ಬೇಡ."

"ಬರತ್ತೆ, ಬರತ್ತೆ. ನೀನು ಕೆಲಸ ಮಾಡೋದಾದ್ರೆ ಮಾಡು."

ಮಾಡಿದಳು. ಯಂತ್ರ ಮುಟ್ಟದೆ, ಬಕೆಟ್ಟಿನಲ್ಲಿ ನೀರಿಟ್ಟುಕೊಂಡು, ತೀಡುವ ಬಿಲ್ಲೆಯನ್ನು ಕೈಯಲ್ಲೇ ಹಿಡಿದು ಉಜ್ಜಿದಳು. ಉಳಿದವರು ಮೇಜಿನ ಮೇಲಿನ ರಾಶಿ ಖಾಲಿ ಮಾಡುವ ಹೊತ್ತಿಗೆ ಇವಳದ್ದು ಒಂದು ಅಂಚೂ ಮುಗಿಯುತ್ತಿರಲಿಲ್ಲ. ಬೆರಳ ತುದಿಗಳು ನೆನೆದು ಬಿರಿದವು. ಎಲ್ಲರಿಗೂ ತಮಾಷೆ. ಅವರಲ್ಲಿ ಹಿರಿಯ ಮೀಸೆ ಮಾವ. ಅವನ ಮೀಸೆ ಆ ಶೆಡ್ಡಿಗೇ ಒಂದು ಅಲಂಕಾರ. "ಏನವ್ವಾ ಕನ್ನಡಿ, ಕಲ್ಲಿಗೆ ಸ್ನಾನ ಮಾಡಿಸಿ ಆಯ್ತಾ? ತಲೆ ಬಾಚೋದು ಯಾವಾಗ?" ಅಂತ ದಿನಾ ಕಾಲೆಳೆಯುತ್ತಿದ್ದ.

ಕೆಲಸ ಹಿಂದೆ ಬಿತ್ತು ಅಂತ ಮಾಲೀಕರು ಅವಳನ್ನು ಕಸ ಗುಡಿಸುವ ಕೆಲಸಕ್ಕೆ ಹಾಕಿದರು. ಒಣ ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳೆಲ್ಲ ಮತ್ತೆ ಏಳುತ್ತದೆ. ಅದಕ್ಕೆ ಇವಳು ನೆಲಕ್ಕೆಲ್ಲ ನೀರು ಚಿಮುಕಿಸಿ ಗುಡಿಸತೊಡಗಿದಳು. ಆ ಬಿಳಿ ಕೆಸರಿನ ಮೇಲೆ ಕಾಲಿಟ್ಟ ಮೀಸೆ ಮಾವ ಜಾರಿ, ಕೈಯಲ್ಲಿದ್ದ ತುಂಡು ಕಲ್ಲಿನ ಸಮೇತ ಕುಂಡೆ ಊರಿ ಕೂತ. ಕಲ್ಲೂ ಹೋಯಿತು, ಸೊಂಟವೂ ಹೋಯಿತು. ಆಗ ಯಾರೂ ನಗಲಿಲ್ಲ. "ನಿಮ್ಮಣ್ಣನ ಸಂಕಟ ನಮ್ಮ ಮೇಲೆ ತೀರಿಸ್ಕೋಬೇಡ" ಅಂದರು ಜೊತೆಯವರೇ. ಮಾಲೀಕರು ಸ್ವಲ್ಪ ದಿನ ಮನೆಯಲ್ಲೇ ಇರು ಅಂದರು.

ಮನೆಗೆ ಬಂದವಳು ಅಣ್ಣನ ಮಂಚದ ಪಕ್ಕ ಕೂತು, ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದಳು. ಅವರಿಗೆ ನಗು ಬಂತು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಸಿರಿಲ್ಲ. ಸುಧಾರಿಸಿಕೊಂಡು ಹೇಳಿದರು, "ಗಂಡಸರ ಹತ್ರ ಹೇಳಿ ಏನುಪಯೋಗ. ನಾನೇ ಕೇಳ್ತಿರ್ಲಿಲ್ಲ."

ಆ ಮಾತು ಅವಳ ತಲೆಯಲ್ಲಿ ಕೂತಿತೋ ಏನೋ. ಮರುದಿನ ನಾವಿಬ್ಬರೂ ತಾರಸಿಯಲ್ಲಿ ಹಾಸಿಗೆ ಒಣಹಾಕುತ್ತಿದ್ದೆವು. ಪಕ್ಕದ ಕಟ್ಟಡದ ತಾರಸಿಯಲ್ಲಿ ಮೀಸೆ ಮಾವನ ಹೆಂಡತಿ ಗಂಡನ ಅಂಗಿಯನ್ನು ಗೋಡೆಗೆ ಬಡಿಯುತ್ತಿದ್ದಳು. ಒಂದೊಂದು ಏಟಿಗೂ ಬಿಳಿ ಮೋಡ. ಅವಳ ಕಾಲ ಬುಡದಲ್ಲಿ ಮೊಮ್ಮಗಳು ಬಟ್ಟೆಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿ ಆಡುತ್ತಿದ್ದಳು. ಮಗುವಿನ ತಲೆಗೂದಲ ಮೇಲೆ ಆ ಹುಡಿ ಇಳಿಯುವುದನ್ನು ನಾನೂ ನೋಡಿದೆ. ನನ್ನ ಕೈಯಲ್ಲಿದ್ದ ಹಾಸಿಗೆ ಹಾಗೇ ನಿಂತಿತು. ಎಷ್ಟು ಅಂಗಿ ಬಡಿದಿದ್ದೆ ನಾನು!

"ಅತ್ತಿಗೆ," ಅಂದಳು ನಾದಿನಿ, "ನೀವು ಬರ್ತೀರಾ?"

"ಎಲ್ಲಿಗೆ?"

"ಮನೆಮನೆಗೆ. ನಾನು ಹೇಳಿದ್ರೆ ಮೊಂಡಿ ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ."

ನನಗೆ ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲ. ಆದರೂ ಹೋದೆ. ಮೀಸೆ ಮಾವನ ಮನೆಯಲ್ಲೇ ಮೊದಲು. ಸೊಂಟಕ್ಕೆ ಬಿಸಿ ಬಟ್ಟೆ ಒತ್ತಿಕೊಂಡು ಮಲಗಿದ್ದ ಅವನು ನಮ್ಮನ್ನು ನೋಡಿ ಗೋಡೆಗೆ ತಿರುಗಿದ. ಅವನ ಹೆಂಡತಿ ನಮ್ಮನ್ನು ಅಡುಗೆಮನೆಗೆ ಕರೆದಳು. ನಾನು ರೋಗದ ಹೆಸರು ಹೇಳಲಿಲ್ಲ, ಆ ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಳುವುದೂ ಇಲ್ಲ. ನನ್ನ ಗಂಡ ಅಂಗಿ ಗುಂಡಿ ಹಾಕಿಕೊಳ್ಳುವಷ್ಟಕ್ಕೇ ದಣಿದು, ಆಮೇಲೆ ಸುಧಾರಿಸಿಕೊಳ್ಳುವುದನ್ನು ಹೇಳಿದೆ. ನಾನು ಮಾತಾಡಿಸಿದರೆ ಉತ್ತರ ಕೊಡಲು ಉಸಿರು ಬೇಕಲ್ಲ ಅಂತ ಬರೀ ಹುಬ್ಬು ಏರಿಸುವುದನ್ನು ಹೇಳಿದೆ. ಬಟ್ಟೆಗೆ ಹತ್ತಿದ ಧೂಳು ಮನೆಯವರ ಎದೆಗೂ ಒಳ್ಳೆಯದಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನು ನಾದಿನಿ ಸೇರಿಸಿದಳು. ಆಕೆ ಒಲೆ ಆರಿಸಿ, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, ತಲೆ ಸವರುತ್ತಾ ಕೂತಳು. ಆಮೇಲೆ ಕೇಳಿದಳು, "ಈಗ ಏನ್ ಮಾಡಬೇಕು ಹೇಳ್ರಮ್ಮ."

ಹೀಗೇ ಎಲ್ಲ ಮನೆಗೂ ಹೋದೆವು. ಒಂದು ಕಡೆ ಒಳಗೇ ಕರೆಯಲಿಲ್ಲ. ಇನ್ನೊಂದು ಕಡೆ ಅತ್ತೆ ಸೊಸೆ ನಮ್ಮೆದುರೇ ಕಿತ್ತಾಡಿದರು. ಆದರೆ ಶೆಡ್ಡಿನ ಬಟ್ಟೆ ಇನ್ನು ಮನೆಯಲ್ಲಿ ಒಗೆಯುವುದಿಲ್ಲ ಅಂತ ಹೆಂಗಸರೆಲ್ಲ ಒಪ್ಪಿಕೊಂಡರು, ಆ ವಾರ ಯಾವ ತಾರಸಿಯಲ್ಲೂ ಅಂಗಿ ಬಡಿಯುವ ಸದ್ದಿರಲಿಲ್ಲ. ಗಂಡಸರು ತೊಟ್ಟದ್ದನ್ನೇ ತೊಟ್ಟು ಕೆಲಸಕ್ಕೆ ಹೋದರು. ಕೊನೆಕೊನೆಗೆ ಪ್ಯಾಂಟುಗಳು ಕಳಚಿಟ್ಟರೆ ತಾವಾಗಿ ನಿಲ್ಲುವಂತಾಗಿದ್ದವಂತೆ.

ವಾರ ಕಳೆದ ಮೇಲೆ ನಾವೆಲ್ಲ ಹೆಂಗಸರು ಬಟ್ಟೆಗಂಟು ಹೊತ್ತು ಶೆಡ್ಡಿಗೆ ಹೋದೆವು. ಒದ್ದೆ ಚೀಲಗಳಲ್ಲಿ ಬಿಗಿದು ಕಟ್ಟಿದ್ದೆವು, ಧೂಳು ಏಳದಿರಲಿ ಅಂತ. ಅದನ್ನು ಬಾಗಿಲ ಮುಂದೆ ಗುಡ್ಡೆ ಹಾಕಿದಾಗ ಗರಗಸ ನಿಂತಿತು.

ಮಾಲೀಕರು ಹೊರಗೆ ಬಂದರು. "ಏನಿದು? ಇಲ್ಲಿ ಲಾಂಡ್ರಿ ಇಟ್ಟಿದೀನಾ ನಾನು?"

"ಇನ್ನು ಇಡಬೇಕು" ಅಂದಳು ನಾದಿನಿ. "ಇಲ್ಲಿನ ಧೂಳು ಇಲ್ಲೇ ಇರಲಿ. ಮನೆಗೆ ತರೋದಿಲ್ಲ."

"ಹೆಂಗಸರನ್ನ ಕಟ್ಕೊಂಡು ಬಂದು ಹೆದರಿಸ್ತೀಯಾ?"

"ಹೆದರಿಸ್ತಿಲ್ಲ. ನೀರಿನ ಪೈಪು ಕೇಳ್ತಿದೀನಿ. ಅವತ್ತೂ ಅದೇ ಕೇಳಿದ್ದೆ."

ಅಷ್ಟರಲ್ಲಿ ಶೆಡ್ಡಿನ ಪಕ್ಕದ ಮಹಡಿ ಮನೆಯಿಂದ ಮಾಲೀಕರ ಹೆಂಡತಿ ಇಳಿದು ಬಂದರು. ಆಕೆ ನಮ್ಮನ್ನು ಬೈದು ಕಳಿಸುತ್ತಾರೆ ಅಂತಲೇ ನಾನು ಅಂದುಕೊಂಡೆ. ಆಕೆ ಗುಡ್ಡೆಯನ್ನು ನೋಡಿದರು, ಗಂಡನನ್ನು ನೋಡಿದರು, ವಾಪಸ್ ಮೇಲೆ ಹೋದರು. ಮತ್ತೆ ಬಂದಾಗ ಕೈಯಲ್ಲಿ ಮಾಲೀಕರದೇ ಎರಡು ಅಂಗಿ, ಒಂದು ಪ್ಯಾಂಟು. ಅದನ್ನೂ ಗುಡ್ಡೆಯ ಮೇಲೆ ಹಾಕಿ, "ಮಲಗಿದ್ರೆ ಇವರ ಎದೇಲಿ ಸಿಳ್ಳೆ ಹೊಡೆಯತ್ತೆ. ಕೇಳಿದ್ರೆ ನಿನಗೆ ಕಿವಿ ಕೆಟ್ಟಿದೆ ಅಂತಾರೆ" ಅಂದರು.

ಒಳಗಿಂದ ಯಾರೋ ಕಿಸಕ್ಕೆಂದರು. ಮಾಲೀಕರು, "ಮೊದಲು ಎಲ್ಲರೂ ನೋಡಿಸೋಣ. ಏನೂ ಇಲ್ಲ ಅಂತಾದ್ರೆ ಇವಳು ತೆಪ್ಪಗೆ ಮಿಷನ್ ಹಿಡೀಬೇಕು" ಅಂದರು. ನಾದಿನಿ ಆಗಲಿ ಅಂದಳು.

ಡಾಕ್ಟರಮ್ಮನಿಗೆ ಹೇಳಿ ಕಳಿಸಿದ್ದಕ್ಕೆ ಎದೆಯ ಚಿತ್ರ ತೆಗೆಯುವ ಆಸ್ಪತ್ರೆಯ ಗಾಡಿ ಶೆಡ್ಡಿನ ಅಂಗಳಕ್ಕೇ ಬಂತು. ಮೀಸೆ ಮಾವನ ಎದೆ ಸ್ವಚ್ಛ. ಮೀಸೆಯೇ ಧೂಳು ಸೋಸಿದೆ ಅಂತ ಅವನು ಬೀಗಿಕೊಂಡು ತಿರುಗಿದ. ಚುಕ್ಕೆ ಕಂಡದ್ದು ಕತ್ತರಿಸುವ ಇನ್ನೊಬ್ಬನಿಗೆ. ಮತ್ತೆ ಮಾಲೀಕರಿಗೆ. ಅವರು ಅಂಗಳದಲ್ಲಿ ಚಪ್ಪಡಿಗಳ ಪಕ್ಕ ಕಲ್ಲಿನ ತುಂಡೊಂದರ ಮೇಲೆ ಕೂತುಬಿಟ್ಟರು. ನಾದಿನಿ ಹೋಗಿ ಪಕ್ಕ ಕೂತಳು. ನಾನು ಹೇಳಿರಲಿಲ್ಲವಾ ಅಂತ ಅವಳು ಅನ್ನಲಿಲ್ಲ. ತನ್ನ ಎದೆಯಲ್ಲೂ ಇದೆ ಅಂತಷ್ಟೇ ಅಂದಳು.

ಮೊದಲು ದೊಡ್ಡ ಗರಗಸಕ್ಕೆ ನೀರಿನ ಕೊಳವೆ ಬಂತು. ಆಮೇಲೆ ಗಾಳಿಯಲ್ಲಿ ಓಡುವ, ನೀರು ಚಿಮ್ಮುವ ತೀಡುಯಂತ್ರಗಳು, ಗೋಡೆಗೆ ಧೂಳು ಹೀರುವ ಡಬ್ಬಿ, ಮೂಲೆಯಲ್ಲಿ ಬಟ್ಟೆ ಒಗೆಯುವ ಮಿಷನ್ನು, ಸ್ನಾನಕ್ಕೆ ಒಂದು ಬಚ್ಚಲು. ಪೈಪಿನಲ್ಲಿ ಊದುವ ಆಟ ನಿಂತಿತು. ಎಲ್ಲ ಸಲೀಸಾಯಿತು ಅಂತಲ್ಲ. ಚಳಿಯಲ್ಲಿ ಕೈ ಮರಗಟ್ಟುತ್ತಿತ್ತು. ಚರಂಡಿ ಕಟ್ಟಿಕೊಂಡು ಶೆಡ್ಡೆಲ್ಲ ಬಿಳಿ ಗದ್ದೆಯಾಗುತ್ತಿತ್ತು. ಕೆಸರು ಒಣಗಿದರೆ ಮತ್ತೆ ಧೂಳೇ. ಹಸಿಯಿದ್ದಾಗಲೇ ಬಾಚಬೇಕು, ಯಾರು ಬಾಚಬೇಕು ಅಂತ ದಿನಾ ಜಗಳ. ನಾದಿನಿ ಸಲಿಕೆ ಹಿಡಿದು ಮೊದಲು ತಾನೇ ಇಳಿಯುತ್ತಿದ್ದಳು. ಅವಳು ಇಳಿದ ಮೇಲೆ ನಿಂತು ನೋಡಲು ಉಳಿದವರಿಗೆ ಮನಸ್ಸು ಬರುತ್ತಿರಲಿಲ್ಲ.

ಮುಖಗವಸು ಬಂದ ದಿನ ಮೀಸೆ ಮಾವನಿಗೆ ದೊಡ್ಡ ಕುತ್ತು ಬಂತು. ಮೀಸೆ ಅಡ್ಡ ಬಂದು ಗವಸು ಮುಖಕ್ಕೆ ಬಿಗಿಯಾಗಿ ಕೂರದು. "ಪ್ರಾಣ ಬೇಕಾದ್ರೆ ಕೇಳಿ, ಮೀಸೆ ಕೇಳಬೇಡಿ" ಅಂದ. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ನುಣ್ಣಗೆ ಬೋಳಿಸಿಕೊಂಡು ಬಂದ. ಮನೆಯಲ್ಲಿ ಮೊಮ್ಮಗಳು ಗುರುತು ಹಿಡಿಯದೆ ಅತ್ತಳಂತೆ. ನಾದಿನಿ ಆಗಷ್ಟೇ ಮುಗಿಸಿದ ಅಂಚೊಂದನ್ನು ಅವನ ಮುಖಕ್ಕೆ ಹಿಡಿದು, "ನೋಡ್ಕೊಳ್ಳಿ ಮಾವ, ಮದುವೆ ಗಂಡಿನ ಹಾಗಿದೀರಿ" ಅಂದಳು. ಈಗಲೂ ಅವನನ್ನು ಮೀಸೆ ಮಾವ ಅಂತಲೇ ಕರೆಯುತ್ತಾರೆ.

ನಮ್ಮನೆಯವರಿಗೆ ಒಮ್ಮೆ ಅದನ್ನೆಲ್ಲ ನೋಡಬೇಕು ಅನ್ನಿಸಿತು. ಆ ಹೊತ್ತಿಗೆ ಮೂಗಿಗೆ ಆಮ್ಲಜನಕದ ನಳಿಗೆ ಬಂದಿತ್ತು. ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದೆವು. ಹೊತ್ತವರಲ್ಲಿ ಮಾಲೀಕರೂ ಇದ್ದರು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಇಟ್ಟಾಗ ನಮ್ಮನೆಯವರು ಕೈಸನ್ನೆ ಮಾಡಿ ಗರಗಸ ಓಡಿಸಲು ಹೇಳಿದರು. ಅದೇ ಸದ್ದು, ಅದೇ ಕಿರುಚಾಟ. ಆದರೆ ಹಲಗೆಯ ಪಕ್ಕದಿಂದ ಬಿಳಿ ನೀರು ಇಳಿಯುತ್ತಿತ್ತು. ಆ ತುದಿಯವರ ಮುಖ ಈ ತುದಿಗೆ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು. ಮೆಚ್ಚಿ ಏನಾದರೂ ಹೇಳುತ್ತಾರೆ ಅಂತ ಎಲ್ಲರೂ ಕಾದರು.

"ಇಷ್ಟೇನಾ?" ಅಂದರು. "ಇಷ್ಟೇ ನೀರು ಸಾಕಿತ್ತಾ?"

ಮಾಲೀಕರು ತಿರುಗಿ ಗೋಡೆಗೆ ಕೈಯೂರಿ ನಿಂತರು. ನಾದಿನಿ ಅಣ್ಣನ ಮುಂದೆ ಮಂಡಿಯೂರಿ, ಅವರ ಕಾಲಿನ ಮೇಲಿದ್ದ ಹೊದಿಕೆ ಸರಿಪಡಿಸಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಅದೇ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎಲ್ಲ ಮುಗಿದ ಮರುದಿನವೇ ನಾದಿನಿ ಕೆಲಸಕ್ಕೆ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಕಲ್ಲೇ ನಿನಗೆ ಅಣ್ಣನಿಗಿಂತ ಹೆಚ್ಚಾಯಿತಾ ಅಂದೆ. ಅವಳು ಎಲ್ಲವನ್ನೂ ನುಂಗಿಕೊಂಡು, "ಅತ್ತಿಗೆ, ಅಲ್ಲಿ ಅವನ ಜಾಗಕ್ಕೆ ಹೊಸಬ ಬಂದಿದಾನೆ. ಗವಸು ಕಟ್ಕೊಳ್ಳೋದು ಇನ್ನೂ ಸರಿಯಾಗಿ ಬರ್ತಿಲ್ಲ" ಅಂದಳು. ನಾನು ಪಕ್ಕಕ್ಕೆ ಸರಿದೆ.

ಆ ಬೀದಿಯಲ್ಲಿ ಇಂಥ ಶೆಡ್ಡುಗಳು ಇನ್ನೂ ಇವೆ. ರಜೆಯ ದಿನ ಬಂತೆಂದರೆ ಅವಳು ಹೊರಡುತ್ತಾಳೆ, ಜೊತೆಗೆ ನಾನು. ಅವಳಿಗೂ ಈಗ ಏರು ಹತ್ತಿದರೆ ಉಸಿರು ಕಟ್ಟುತ್ತದೆ. ಅದಕ್ಕೆ ಗವಸುಗಳ ಚೀಲ ನನ್ನ ಕೈಯಲ್ಲಿ, ಮಾತು ಅವಳದು, ನಡುವೆ ಅವಳು ದಮ್ಮು ತೆಗೆದುಕೊಳ್ಳುವಾಗ ಮುಂದಿನದು ನನ್ನದು. ಎರಡು ಶೆಡ್ಡಿನವರು ನೀರು ಹಾಕಿಸಿದ್ದಾರೆ. ಒಂದು ಕಡೆ ಬೈಗುಳ ತಿಂದು ಬಂದಿದ್ದೇವೆ.

ಕಳೆದ ಸಲ ಹೋದದ್ದು ಇಳಿಜಾರಿನ ಕೆಳಗಿನ ಶೆಡ್ಡಿಗೆ. ಅಲ್ಲಿಯ ಮಾಲೀಕ ಬಾಗಿಲಲ್ಲೇ, "ನಿಮ್ಮ ವಿಷಯ ಕೇಳಿದೀನಿ, ಆಮೇಲೆ ಬನ್ನಿ" ಅಂದ. ಇವಳು ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. ನಿಜಕ್ಕೂ ದಣಿದಿದ್ದಳು, ತುಟಿ ಒಣಗಿತ್ತು. ಅವನಿಗೂ ಪಾಪ ಅನ್ನಿಸಿರಬೇಕು, ಒಂದು ಲೋಟ ನೀರು ತಂದುಕೊಟ್ಟ. ನಿಧಾನವಾಗಿ ಕುಡಿದು, ಲೋಟ ವಾಪಸ್ ಕೊಟ್ಟು ಕೇಳಿದಳು:

"ಇದು ನನಗಾಯ್ತು. ಆ ಗರಗಸಕ್ಕೆ ಯಾವ ನಲ್ಲಿಯಿಂದ ಎಳೀಬಹುದು?"

ಅವನು ನನ್ನ ಮುಖ ನೋಡಿದ. ನಾನು ಅವನಿಗೆ ಏನೂ ಸಹಾಯ ಮಾಡಲಿಲ್ಲ. ಕತ್ತು ಕೆರೆದುಕೊಂಡು, "ಹಿಂದುಗಡೆ ಒಂದಿದೆ, ಬನ್ನಿ" ಅಂದ. ಇವಳು ನನ್ನ ತೋಳು ಹಿಡಿದು ಎದ್ದಳು.